ಮರೆಪ್ಪ ಕಾಕಾನ ಪಾಳಿ ಪಟ್ಟಿ

ಯಾದಗಿರಿ ಹೊಸ ಜಿಲ್ಲೆಯಾದ ಮರುವರ್ಷದ ಮಾತು. ಆಗ ನಾನು ಶಹಾಪುರ ತಾಲ್ಲೂಕಿನ ಒಂದು ಕಾಲುವೆ ಉಪವಿಭಾಗ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕಿ. ವಯಸ್ಸು ನಲವತ್ತೇಳು, ಸರ್ವಿಸು ಇಪ್ಪತ್ತೆರಡು ವರ್ಷ. ಕಚೇರಿಯ ಹೆಸರು ಇಲ್ಲಿ ಬೇಡ. ತಪ್ಪು ಕಚೇರಿಯದಲ್ಲ, ನನ್ನದು. ನಾನು ನಿವೃತ್ತಳಾದ ದಿನ ಹಾರ ಹಾಕಿ ಮಾತಾಡಿದವರೆಲ್ಲ ಸುಜಾತಾ ಮೇಡಂ ಅವರ ಅಚ್ಚುಕಟ್ಟು ಕೆಲಸವನ್ನು ಹೊಗಳಿದರು. ಆ ತಪ್ಪು ಗೊತ್ತಿದ್ದ ಇಬ್ಬರು ಆ ಸಭೆಯಲ್ಲೇ ಕೂತಿದ್ದರು. ಅವರು ಅದನ್ನು ಎತ್ತಲಿಲ್ಲ. ಅದಕ್ಕೇ ನಾನು ಬರೆಯಬೇಕಾಗಿದೆ.

ನಾನು ಸಗರದವಳು. ಅಪ್ಪ ಅವ್ವ ಬೇರೆಯವರ ಹೊಲದಲ್ಲಿ ದುಡಿದು ನನ್ನನ್ನು ಓದಿಸಿದರು. ನಮ್ಮ ಓಣಿಯಿಂದ ಸರ್ಕಾರಿ ಖುರ್ಚಿಯಲ್ಲಿ ಕೂತ ಮೊದಲ ಹೆಣ್ಣುಮಗಳು ನಾನೇ. ಕೆಲಸಕ್ಕೆ ಸೇರಿದ ಮೊದಲ ವಾರ ಅಂದಿನ ಸೂಪರಿಂಟೆಂಡೆಂಟರು ಎಲ್ಲರೆದುರು ಕೇಳಿದ್ದರು: "ಟೈಪ್ ಬರ್ತದೇನವ್ವಾ, ಇಲ್ಲಾ ಬರೇ ಸರ್ಟಿಫಿಕೇಟ್ ಅದನೋ?" ಅವರು ಕೇಳಿದ್ದು ಜಾತಿ ಸರ್ಟಿಫಿಕೇಟಿನ ಮಾತು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಎರಡು ಪುಟ ಒಂದೂ ತಪ್ಪಿಲ್ಲದಂತೆ ಟೈಪ್ ಮಾಡಿ ಅವರ ಮೇಜಿನ ಮೇಲಿಟ್ಟೆ. ಅಂದಿನಿಂದ "ನನಗೆ ಬರುವುದಿಲ್ಲ" ಎಂಬ ಮಾತನ್ನು ನಾನು ಆ ಕಚೇರಿಯಲ್ಲಿ ಆಡಿದವಳಲ್ಲ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಾಗ ರಜೆ ಹಾಕಿ ಕ್ಲಾಸಿಗೆ ಹೋಗಿ ವಿಂಡೋಸ್ ಕಲಿತೆ. ಕಚೇರಿಯಲ್ಲಿ ಯಾರಿಗೆ ಏನು ಅಡಚಣೆಯಾದರೂ ನನ್ನ ಮೇಜಿಗೇ ಬರುತ್ತಿದ್ದರು.

ಆ ವರ್ಷ ಮಳೆಗಾಲದ ಹೊತ್ತಿಗೆ ಮೇಲಿನಿಂದ ಆದೇಶ ಬಂತು: ಇನ್ನು ಮುಂದೆ ಕಚೇರಿಯ ಕಂಪ್ಯೂಟರುಗಳಲ್ಲಿ ಲಿನಕ್ಸ್. ಲಿನಕ್ಸ್ ಎಂದರೆ ವಿಂಡೋಸ್‌ನಂತೆಯೇ ಯಂತ್ರವನ್ನು ನಡೆಸುವ ಮೂಲ ವ್ಯವಸ್ಥೆ. ಅದನ್ನು ಯಾರು ಬೇಕಾದರೂ ಲೈಸೆನ್ಸ್ ಕೊಳ್ಳದೆ ಬಳಸಬಹುದು, ತಿದ್ದಬಹುದು. ಒಬ್ಬ ತರಬೇತುದಾರರು ಬಂದು ಒಂದೂವರೆ ದಿನ ಬಡಬಡನೆ ಹೇಳಿ, ಇಂಗ್ಲಿಷಿನ ಒಂದು ಪುಸ್ತಿಕೆ ಕೊಟ್ಟು ಹೋದರು.

ಸೋಮವಾರ ಯಂತ್ರ ಹಚ್ಚಿದರೆ ನನ್ನ ಮನೆಗೆ ಬೇರೆ ಯಾರೋ ಬಂದು ಸಾಮಾನೆಲ್ಲ ಜಾಗ ಬದಲಿಸಿದಂತಿತ್ತು. ಪರದೆಯ ಕೆಳಗಿದ್ದ ಪಟ್ಟಿ ಮೇಲೆ ಹೋಗಿತ್ತು. ಸಿ ಡ್ರೈವ್, ಡಿ ಡ್ರೈವ್ ಎಂಬುದೇ ಇರಲಿಲ್ಲ. ಪ್ರಿಂಟರ್ ಜೋಡಿಸಲು ಹೋದರೆ ಪಾಸ್‌ವರ್ಡ್ ಕೇಳುತ್ತಿತ್ತು; ಅದು ಯಾರ ಹತ್ತಿರವಿದೆಯೋ ಎಷ್ಟೋ ದಿನ ಗೊತ್ತಾಗಲಿಲ್ಲ. ಎಲ್ಲಕ್ಕಿಂತ ಎದೆ ಒಡೆದದ್ದು ಹಳೆಯ ಪತ್ರಗಳನ್ನು ತೆರೆದಾಗ. ನಾನು ಹಳೆಯ ಕನ್ನಡ ಫಾಂಟಿನಲ್ಲಿ ವರ್ಷಗಟ್ಟಲೆ ಟೈಪ್ ಮಾಡಿದ್ದ ನಮೂನೆಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿದ್ದವು. ಯೂನಿಕೋಡ್‌ನಲ್ಲಿ ಹೊಸದಾಗಿ ಬಡಿಯೋಣವೆಂದರೆ ಕೀಲಿಗಳ ಜಾಗವೇ ಬೇರೆ. ಬೆರಳು "ಕಾಲುವೆ" ಎಂದರೆ ಪರದೆ ಇನ್ನೇನೋ ಬರೆಯುತ್ತಿತ್ತು.

ಪಕ್ಕದ ಮೇಜಿನ ಬಸವರಾಜರು ದ್ವಿತೀಯ ದರ್ಜೆ ಸಹಾಯಕರು, ನನ್ನದೇ ವಯಸ್ಸಿನವರು. ಅವರು ಮೂರೇ ವಾರದಲ್ಲಿ ಹೊಂದಿಕೊಂಡರು. "ತೋರಿಸ್ಲೇನ್ರಿ ಮೇಡಂ?" ಎಂದು ಎರಡು ಸಲ ಕೇಳಿದರು. "ಬರ್ತದ ಬಿಡ್ರಿ ನನಗ," ಎಂದೆ. ಬರುತ್ತಿರಲಿಲ್ಲ. ಊಟದ ವೇಳೆಯಲ್ಲಿ ಶಹಾಪುರ ಬಸ್‌ಸ್ಟ್ಯಾಂಡ್ ಹತ್ತಿರದ ಡಿ.ಟಿ.ಪಿ. ಅಂಗಡಿಗೆ ಹೋಗಿ, ಅಲ್ಲಿನ ಹಳೆಯ ವಿಂಡೋಸ್ ಯಂತ್ರದಲ್ಲಿ ಪತ್ರ ಟೈಪ್ ಮಾಡಿ, ಪ್ರಿಂಟ್ ಮಾಡಿಸಿ, ಸೆರಗಿನಡಿ ಮುಚ್ಚಿಕೊಂಡು ತರುತ್ತಿದ್ದೆ. ಕಚೇರಿಯವರು ನಾನು ಲಿನಕ್ಸನ್ನೂ ಗೆದ್ದೆನೆಂದು ತಿಳಿದರು.

ಇನ್ನು ಮರೆಪ್ಪ. ಸಗರದ ನಮ್ಮ ಓಣಿಯವನೇ, ಸಂಬಂಧದಲ್ಲಿ ನನಗೆ ಕಾಕಾ, ಅಂದರೆ ಚಿಕ್ಕಪ್ಪ. ನಮ್ಮ ಉಪವಿಭಾಗದ ಒಂದು ವಿತರಣಾ ಕಾಲುವೆಯ ಗೇಟುಗಳನ್ನು ನೋಡಿಕೊಳ್ಳುತ್ತಿದ್ದ ದಿನಗೂಲಿ ನೌಕರ. ಆ ಕಾಲುವೆಯಿಂದ ಹೊಲಗಳ ಕಡೆಗೆ ಆರು ಕಿರುಗಾಲುವೆಗಳು ಒಡೆಯುತ್ತವೆ. ನಾವು ಲ್ಯಾಟರಲ್ ಎನ್ನುತ್ತೇವೆ. ಆರಕ್ಕೂ ಒಮ್ಮೆಲೇ ನೀರು ಸಾಲದು, ಪಾಳಿಯ ಮೇಲೆ ಬಿಡಬೇಕು. ಯಾವ ಲ್ಯಾಟರಲ್‌ಗೆ ಯಾವ ತಾರೀಖು ಎಂಬ ಪಾಳಿ ಪಟ್ಟಿಯನ್ನು ಸಾಹೇಬರು ಬರೆದುಕೊಡುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ, ಮರೆಪ್ಪ ಓದಿ ಗೇಟು ಎತ್ತುತ್ತಿದ್ದ. ಅವನಿಗೆ ಅಕ್ಷರ, ಅಂಕಿ ಕಲಿಸಿದ್ದು ನಾನೇ. ಕಾಲೇಜಿನಲ್ಲಿದ್ದಾಗ ಓಣಿಯ ದೊಡ್ಡವರಿಗೆ ಪಾಠ ಹೇಳುತ್ತಿದ್ದೆ, ಅವನು ಒಂದು ದಿನವೂ ತಪ್ಪಿಸುತ್ತಿರಲಿಲ್ಲ. "ನಮ್ಮ ಸುಜಾತವ್ವ ಕಲಿಸ್ಯಾಳ" ಎಂದು ಕಂಡವರಿಗೆಲ್ಲ ಹೇಳುತ್ತಿದ್ದ.

ನವೆಂಬರಿನಲ್ಲಿ ಸಾಹೇಬರು ರೈತರ ಸಭೆ ಕರೆದರು. ಸಾಹೇಬರೆಂದರೆ ನಮ್ಮ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್, ಮೈಸೂರು ಕಡೆಯವರು. ಎರಡನೇ ಲ್ಯಾಟರಲ್‌ನವರು ಮೊದಲೇ ನಾಟಿ ಮಾಡಿದ್ದರಿಂದ ಬತ್ತ ಕೊಯ್ಲಿಗೆ ಬಂದಿತ್ತು. ಅವರಿಗೆ ಎಲ್ಲರಿಗಿಂತ ಕೊನೆಗೆ ನೀರು ಎಂದು ಮಾತಾಯಿತು. ಆ ಮಾತು ನಂಬಿ ಅವರು ಕುಡುಗೋಲು ಹಾಕಿದರು. ಮರೆಪ್ಪ ಗೇಟಿನ ಮೇಲಿದ್ದ, ಸಭೆಗೆ ಬಂದಿರಲಿಲ್ಲ.

ಪಾಳಿ ಪಟ್ಟಿ ಬರೀ ಅಂಕಿ, ತಾರೀಖು; ಅಷ್ಟನ್ನು ಕಚೇರಿಯ ಯಂತ್ರದಲ್ಲೇ ಮಾಡಬಲ್ಲವಳಾಗಿದ್ದೆ. ಸಾಹೇಬರ ಚೀಟಿ ನೋಡಿ ತಾರೀಖಿನ ಕ್ರಮದಲ್ಲಿ ಪಟ್ಟಿ ಮಾಡಿದೆ. ಅವರು ನನ್ನ ಮೇಜಿನ ಹತ್ತಿರವೇ ನಿಂತು, "ಲ್ಯಾಟರಲ್ ನಂಬರ್ ಪ್ರಕಾರ ಮಾಡಿ ಕೊಡಿ, ಜೀಪ್ ಕಾಯ್ತಿದೆ" ಎಂದರು. ಡಿ.ಟಿ.ಪಿ. ಅಂಗಡಿಗೆ ಓಡುವಂತಿರಲಿಲ್ಲ. ನಂಬರಿನ ಕಾಲಂ ಆರಿಸಿ ಕ್ರಮ ಬದಲಿಸುವ ಗುಂಡಿ ಒತ್ತಿದೆ. ಒಂದು ಪ್ರಶ್ನೆ ಬಂತು, ಇಂಗ್ಲಿಷಿನಲ್ಲಿ, ಎರಡು ಉತ್ತರಗಳೊಂದಿಗೆ. ಪಕ್ಕದ ಕಾಲಂಗಳನ್ನೂ ಜೊತೆಗೆ ಸರಿಸಬೇಕೋ, ಇದೊಂದನ್ನೇ ಸರಿಸಬೇಕೋ ಎಂದು ಅದು ಕೇಳುತ್ತಿತ್ತು. ಇದು ನನಗೆ ಆಮೇಲೆ ತಿಳಿದದ್ದು. ಸಾಹೇಬರು ನೋಡುತ್ತಿದ್ದಾರೆ, ತಡವರಿಸಬಾರದು ಎಂದು ಓದದೆಯೇ ಒಂದನ್ನು ಒತ್ತಿದೆ. ಲ್ಯಾಟರಲ್ ನಂಬರುಗಳಷ್ಟೇ ಒಂದರಿಂದ ಆರಕ್ಕೆ ಸಾಲಾಗಿ ನಿಂತವು. ತಾರೀಖುಗಳು ಇದ್ದಲ್ಲೇ ಉಳಿದವು. ನೋಡಲು ಪಟ್ಟಿ ಬಹಳ ಚೆಂದವಿತ್ತು. ಟೈಪ್‌ರೈಟರಿನ ಕಾಲದಿಂದ ಸ್ಕೇಲು ಹಿಡಿದು ಸಾಲುಸಾಲು ತಾಳೆ ನೋಡುತ್ತಿದ್ದವಳು ಅಂದು ನೋಡಲಿಲ್ಲ. ಸಾಹೇಬರು ಸಹಿ ಹಾಕಿದರು, ಪಟ್ಟಿ ಮರೆಪ್ಪನ ಕೈ ಸೇರಿತು.

ನಾಲ್ಕನೇ ದಿನ ಬೆಳಿಗ್ಗೆ ಎರಡನೇ ಲ್ಯಾಟರಲ್‌ನ ಶರಣಮ್ಮ ಎಂಬ ಹೆಣ್ಣುಮಗಳು ತೊಯ್ದ ಬತ್ತದ ತೆನೆಯ ಸಿವುಡು ಎದೆಗೊತ್ತಿಕೊಂಡು ಕಚೇರಿಗೆ ಬಂದಳು. ಕೆಸರು ಸಾಹೇಬರ ಕೋಣೆಯವರೆಗೂ ತೊಟ್ಟಿಕ್ಕಿತು. "ಕೊಯ್ದು ಹಾಕಿದ್ವಿರಿ ಸಾಹೇಬ್ರ. ಮುಂಜಾನೆದ್ದು ನೋಡಿದ್ರ ಹೊಲದ ತುಂಬ ನೀರು. ಮರೆಪ್ಪ ಗೇಟ್ ಎತ್ಯಾನ. ಆ ಮುದುಕಗ ಕಣ್ಣಿಲ್ಲೇನ್ರಿ?"

ಸಾಹೇಬರು ಕಚೇರಿ ಪ್ರತಿ ತರಲು ನನಗೆ ಹೇಳಿದರು. ಯಂತ್ರದ ಮುಂದೆ ಕೂತು ಚೀಟಿಯನ್ನೂ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟೆ. ಎರಡನೇ ಲ್ಯಾಟರಲ್ ಮುಂದೆ ಅಂದಿನದೇ ತಾರೀಖು ಇತ್ತು. ಆಗಲೇ ಎದ್ದು ಹೋಗಿ ಹೇಳಬಹುದಿತ್ತು; ಬಾಗಿಲು ಹತ್ತು ಹೆಜ್ಜೆ ದೂರವಿತ್ತು. ನಾನು ತಾರೀಖುಗಳನ್ನು ಒಂದೊಂದಾಗಿ ತಿದ್ದಿ, ಹೊಸ ಪ್ರತಿ ತೆಗೆದು, ಹಳೆಯದನ್ನು ಫೈಲಿನಿಂದ ಕಿತ್ತು ಇದನ್ನು ಸೇರಿಸಿದೆ. ಕಚೇರಿ ಪ್ರತಿಗೆ ಸಹಿ ಹಾಕುವ ರೂಢಿ ನಮ್ಮಲ್ಲಿರಲಿಲ್ಲ.

"ಪಟ್ಟಿ ಸರಿಯಾಗೇ ಇದೆಯಲ್ಲ," ಎಂದರು ಸಾಹೇಬರು.

"ಅಂಕಿ ಓದಾಕ ಬರಂಗಿಲ್ರಿ ಅವಗ," ಎಂದು ಯಾರೋ ಹಿಂದಿನಿಂದ ಅಂದರು. ಅವನಿಗೆ ಅಂಕಿ ಕಲಿಸಿದವಳು ಅಲ್ಲೇ ನಿಂತಿದ್ದೆ. ಮರೆಪ್ಪನ ಹತ್ತಿರವಿದ್ದ ಪ್ರತಿಯನ್ನು ಯಾರೂ ತರಿಸಿ ನೋಡಲಿಲ್ಲ; ನಾನು ಫೈಲು ಮುಚ್ಚಿ ಎತ್ತಿಟ್ಟೆ. ಮರೆಪ್ಪನಿಂದ ಗೇಟು ಎತ್ತುವ ಹ್ಯಾಂಡಲ್ ಕಸಿದುಕೊಂಡು ಮನೆಗೆ ಕಳಿಸಿದರು.

ಮರುದಿನ ಅವನು ನೇರ ನನ್ನ ಮೇಜಿಗೆ ಬಂದ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಪಟ್ಟಿಯನ್ನು ಬಿಡಿಸಿ ಬೆರಳಿಟ್ಟ. "ನೋಡವ್ವಾ, ಎರಡು. ಇಲ್ಲಿ ತಾರೀಖು. ಸಾಹೇಬ್ರ ಸಹಿ ಅದ. ನಾ ಸರಿ ಓದೀನಿ ಹೌದಿಲ್ಲ?"

ಸಾಹೇಬರು ಅಂದು ಯಾದಗಿರಿಗೆ ಮೀಟಿಂಗಿಗೆ ಹೋಗಿದ್ದರು. "ಇಲ್ಲಿ ಇಟ್ಟು ಹೋಗು ಕಾಕಾ," ಎಂದೆ, "ನಾ ತೋರಸ್ತೀನಿ." ಅವನು ಎರಡೂ ಕೈಯಲ್ಲಿ ಕೊಟ್ಟ. ನಾನು ಅದನ್ನು ಡ್ರಾಯರಿನಲ್ಲಿಟ್ಟು ಕೀಲಿ ಹಾಕಿದೆ.

ದಿನವೂ ಬರುತ್ತಿದ್ದ. ಕಚೇರಿಯ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತು, ನಾನು ಹೊರಗೆ ಬಂದಾಗ ಎದ್ದು ಕೇಳುತ್ತಿದ್ದ: "ನೋಡಿದ್ರೇನವ್ವಾ ಸಾಹೇಬ್ರು?"

"ಗಡಿಬಿಡ್ಯಾಗ ಅದಾರ ಕಾಕಾ."

"ಇರ್ಲಿ ಇರ್ಲಿ. ನೀ ಅದಿ ಅಂದ್ರ ನನಗೇನ್ ಅಂಜಿಕಿ?"

ಅವನು ಪಟ್ಟಿ ಕೊಟ್ಟ ಎಂಟನೇ ದಿನ ಆದದ್ದು ಇನ್ನೂ ಕೆಟ್ಟದ್ದು. ದಿನಗೂಲಿ ನೌಕರರನ್ನು ಕಾಯಂ ಮಾಡಲು ಹೆಸರು ಕಳಿಸಿ ಎಂದು ಮೇಲಿನ ಕಚೇರಿ ಕೇಳಿತ್ತು. ನಮ್ಮಲ್ಲಿ ಆರು ಮಂದಿ ಅರ್ಹರು. ಸಾಹೇಬರು ಕರಡಿನಲ್ಲಿ ಮರೆಪ್ಪನ ಹೆಸರಿನ ಮೇಲೆ ಕೆಂಪು ಗೆರೆ ಎಳೆದು, ಟೈಪ್ ಮಾಡಲು ನನಗೆ ಕೊಟ್ಟರು. ಅವನಿಗೆ ಆಗ ಐವತ್ತೇಳು ವರ್ಷ. ನಾನು ಬಸ್‌ಸ್ಟ್ಯಾಂಡಿನ ಅಂಗಡಿಗೆ ಹೋಗಿ ಐದು ಹೆಸರು ಟೈಪ್ ಮಾಡಿ ತಂದೆ. ಅಕ್ಷರ ತಪ್ಪು ಒಂದೂ ಇರಲಿಲ್ಲ.

ಹನ್ನೊಂದನೇ ದಿನ ಮರೆಪ್ಪ ಕಟ್ಟೆಯ ಮೇಲೆ ಕೂರಲಿಲ್ಲ, ಒಳಗೆ ಬಂದ. ಕೈಯಲ್ಲಿ ಹಳೆಯ ಕ್ಯಾಲೆಂಡರಿನ ಒಂದು ಹಾಳೆ. ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಒಂದರಿಂದ ಮೂವತ್ತರವರೆಗೆ ಅಂಕಿ ಬರೆದಿದ್ದ. ದನಿ ತಗ್ಗಿಸಿ ಕೇಳಿದ:

"ಅವ್ವಾ, ಮನ್ಯಾಗ ಕುಂತು ಬರದು ನೋಡೀನಿ. ಎಲ್ಲಾರೂ ಅನ್ನಾಕತ್ತಾರ ಅಂದ್ರ ನಾನs ಎಲ್ಯೋ ತಪ್ಪಿರಬೇಕು. ಎರಡು ಹಿಂಗs ಅಲ್ಲೇನು? ಯಾವುದು ತಪ್ಪದ ನೋಡಿ, ಇನ್ನೊಮ್ಮೆ ಹೇಳಿಕೊಡ್ತಿಯೇನು?"

ಹಾಳೆಯಲ್ಲಿ ಒಂದೂ ತಪ್ಪಿರಲಿಲ್ಲ.

ಡ್ರಾಯರ್ ತೆಗೆದೆ. ಅವನ ಪಟ್ಟಿಯನ್ನೂ ಸಾಹೇಬರ ಚೀಟಿಯನ್ನೂ ಹಿಡಿದು, "ಬಾ ಕಾಕಾ" ಎಂದು ಕೋಣೆಗೆ ಹೋದೆ. ಬಸವರಾಜರು ಅಲ್ಲಿ ಫೈಲು ಹಿಡಿದು ನಿಂತಿದ್ದರು. ಅವರು ಹೊರಗೆ ಹೋಗಲೆಂದು ಕಾಯಬೇಕೆನಿಸಿತು, ಕಾಯಲಿಲ್ಲ. ಪಟ್ಟಿ ತಪ್ಪು ಮಾಡಿದವಳು ನಾನು, ಕಚೇರಿ ಪ್ರತಿ ಬದಲಿಸಿದವಳು ನಾನು, ಈ ಕಾಗದ ಮುಚ್ಚಿಟ್ಟವಳೂ ನಾನು ಎಂದು ಹೇಳಿದೆ. ಹೊಸ ವ್ಯವಸ್ಥೆ ನನಗೆ ಬರುವುದಿಲ್ಲ ಎಂದೂ ಹೇಳಿದೆ.

ಸಾಹೇಬರು ಎರಡು ಕಾಗದವನ್ನೂ ಪಕ್ಕಪಕ್ಕ ಇಟ್ಟು ಸಾಲುಸಾಲು ತಾಳೆ ನೋಡಿದರು. "ಬರಲ್ಲ ಅಂತ ಮೊದಲೇ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲಮ್ಮ," ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರೆಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. "ಅಂದ್ರ ನಾ ಓದಿದ್ದು ಖರೇನs ಇತ್ತು?"

"ಖರೇನs ಇತ್ತು ಕಾಕಾ."

ಅವನು ಕ್ಯಾಲೆಂಡರ್ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. ಸಾಹೇಬರ ಕಡೆ ತಿರುಗಿ, "ಹಂಗಾದ್ರ ಹ್ಯಾಂಡಲ್ ಕೊಡಸ್ರಿ ಸಾಹೇಬ್ರ, ಇವತ್ತು ಐದನೇದರ ಪಾಳಿ ಅದ," ಎಂದು ಹೊರಟ.

ನನಗೆ ಲಿಖಿತ ಎಚ್ಚರಿಕೆ ಕೊಟ್ಟು ಸೇವಾ ಪುಸ್ತಕದಲ್ಲಿ ನಮೂದಿಸಿದರು. ಅದು ಕಡಿಮೆಯೇ ಆಯಿತು. ಮರೆಪ್ಪನ ಹೆಸರು ಸೇರಿಸಬೇಕೆಂದು ಸಾಹೇಬರು ಅಂದೇ ಪತ್ರ ಬರೆದರು. ಪಟ್ಟಿ ಅಂತಿಮವಾಗಿದೆ ಎಂದು ಉತ್ತರ ಬಂತು. ಮತ್ತೊಂದು ಪಟ್ಟಿ ಕೇಳುವಷ್ಟರಲ್ಲಿ ಅವನ ವಯಸ್ಸು ಮೀರಿತ್ತು. ದಿನಗೂಲಿಯವನಾಗಿಯೇ ಗೇಟು ಬಿಟ್ಟಿಳಿದ.

ಶರಣಮ್ಮನ ಹೊಲಕ್ಕೂ ಹೋಗಿ ಹೇಳಿಬಂದೆ. ಮೊಳಕೆಯೊಡೆದ ಬತ್ತವನ್ನು ದನಕ್ಕೆ ಹಾಕುತ್ತಿದ್ದಳು. "ಬತ್ತ ಹೋದ್ರ ಇನ್ನೊಮ್ಮೆ ಬೆಳೀತದ," ಎಂದಳು. "ಆ ಮುದುಕಗ ಊರ ಮುಂದ ಬಾಯಿಗೆ ಬಂದಂಗ ಬೈದೀನಿ ನಾನು. ಅದಕ್ಕ ಏನ್ ಮಾಡ್ಲಿ ಹೇಳು?"

ಮುಂದಿನ ಸೋಮವಾರ ನನ್ನ ಖುರ್ಚಿಯನ್ನು ಬಸವರಾಜರ ಮೇಜಿಗೆ ಎಳೆದುಕೊಂಡು, "ಮೊದಲಿಂದ ಹೇಳಿಕೊಡ್ರಿ" ಎಂದೆ. ಅವರು ನಗಲಿಲ್ಲ, ಕುಹಕವಾಡಲಿಲ್ಲ. ದಿನಕ್ಕೆ ಅರ್ಧ ತಾಸು, ಒಂದೂವರೆ ತಿಂಗಳು. ಲಿನಕ್ಸ್ ನಾನು ಅಂಜಿದಷ್ಟು ಕಠಿಣವಾಗಿರಲಿಲ್ಲ. ನಿವೃತ್ತಿಯವರೆಗೂ ಅದರಲ್ಲೇ ಕೆಲಸ ಮಾಡಿದೆ, ಮೂರ್ನಾಲ್ಕು ಮಂದಿಗೆ ಕಲಿಸಿದೆ.

ಹೊಸದು ಬಾರದಿರುವುದು ತಪ್ಪಲ್ಲ ಎಂದು ಈಗ ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಆದರೆ ನೌಕರಿ ನನಗೆ ಕಲಿಸಿದ ಪಾಠ ಅದಕ್ಕಿಂತ ಕಹಿಯಾದದ್ದು. ಕಚೇರಿಯಲ್ಲಿ ಖುರ್ಚಿಯಲ್ಲಿ ಕೂತವಳ ತಪ್ಪನ್ನು ನಿಂತವನ ತಲೆಗೆ ಕಟ್ಟಲು ಬಹಳ ಸುಳ್ಳು ಬೇಕಾಗುವುದಿಲ್ಲ. ಜನ ತಾವಾಗಿಯೇ ಅವನತ್ತ ಬೆರಳು ತೋರಿಸುತ್ತಾರೆ. ನನ್ನತ್ತಲೂ ಒಂದು ದಿನ ಹಾಗೇ ಬೆರಳು ತೋರಿಸಿದ್ದರು. ಅದರ ಉರಿ ಉಂಡವಳಾಗಿಯೂ ನಾನು, ನನ್ನನ್ನೇ ನಂಬಿ ಬಂದವನನ್ನು ಹತ್ತು ದಿನ ಹೊರಗಿನ ಕಟ್ಟೆಯ ಮೇಲೆ ಕೂರಿಸಿದೆ.