ಗೌಸಸಾಬನಿಗೆ ಸಿಗದೇ ಉಳಿದದ್ದು

ರಾಣೆಬೆನ್ನೂರಿನ ಗೌಸಸಾಬ ಕಂಪ್ಯೂಟರ್ ರಿಪೇರಿಗೆ ಬಂದರೆ ಮೊದಲು ಮೆಷಿನ್ನು ಮುಟ್ಟುತ್ತಿರಲಿಲ್ಲ. ಹೊಸ್ತಿಲ ಹತ್ತಿರ ಕುಕ್ಕರಗಾಲಲ್ಲಿ ಕುಂತು ಮನೆ ಮಂದಿಯನ್ನೇ ಕೇಳುತ್ತಿದ್ದ: "ಅದು ಆರಿದಾಗ ನೀವು ಏನ್ ಮಾಡಾಕತ್ತಿದ್ರಿ?" ಪೊಲೀಸರೂ ಅಷ್ಟು ಕೇಳಲಿಕ್ಕಿಲ್ಲ. ಹೇಳಿದ್ದನ್ನೆಲ್ಲ ಪೆನ್ಸಿಲಿನಿಂದ ನಮ್ಮ ಗೋಡೆಯ ಮೇಲೇ ಬರೆಯುತ್ತಿದ್ದ. ಸುಣ್ಣ ನಿಮ್ಮಪ್ಪ ಬಳೀತಾನೇನೋ ಅಂದರೆ ನಗುತ್ತಿದ್ದ, ಬರೆಯುವುದು ಬಿಡುತ್ತಿರಲಿಲ್ಲ.

ಆ ಮೆಷಿನ್ನು ನನ್ನ ಮಗ ವೀರೇಶ ಹುಬ್ಬಳ್ಳಿಯಿಂದ ಒಂದೊಂದೇ ಸಾಮಾನು ತಂದು ಬ್ಯಾಡಗಿಯ ನಮ್ಮ ಮನೆಯಲ್ಲೇ ಜೋಡಿಸಿದ್ದು. ಅವನು ಜ್ವರ ಬಂದು ಸತ್ತ. ಸೊಸೆ ಗಿರಿಜಾ ಅದರ ಮೇಲೆ ಲಗ್ನಪತ್ರಿಕೆ, ಅರ್ಜಿ ಬರೆದುಕೊಡುತ್ತಿದ್ದಳು. ಹರೇದ ಹುಡುಗಿ. ನಮ್ಮಲ್ಲಿ ಗಂಡ ಸತ್ತವಳಿಗೆ ಉಡಿಕಿ ಮಾಡಿ ಇನ್ನೊಂದು ಮನೆ ಸೇರಿಸುವ ಪದ್ಧತಿ ಐತಿ. ನಾನೇ ಗಂಡು ನೋಡಿದೆ. ಹಾವೇರಿಯವರು ಬಂದು ಕುಂತರು, ಮೆಷಿನ್ನು ಟಪ್ಪನೆ ಆರಿತು. ಎರಡನೇ ಸಲ ಬಂದರು, ಆರಿತು. ಮೂರನೇ ಸಲವೂ ಅಷ್ಟೇ.

"ಅತ್ತಿ, ನಿಮ್ಮ ಮಗಗ ಮನಸಿಲ್ಲ. ನನಗ ಈ ಉಡಿಕಿ ಬ್ಯಾಡ" ಅಂದಳು ಗಿರಿಜಾ.

"ಬದುಕಿದ್ದಾಗ ಎರಡು ಮಾತು ಆಡದಂವ ಸತ್ತಮ್ಯಾಗ ಬಂದು ಆಡ್ತಾನೇನ?" ಅಂತ ಬೈದೆ. ಬೈದದ್ದು ಖರೇ. ಬೈದು ಮೆಷಿನ್ನಿನ ಕಡೆ ತಿರುಗಿ ನೋಡಿದ್ದೂ ಖರೇ.

ಗೌಸಸಾಬ ಮೂರು ಭಾನುವಾರ ಬಂದ. ಕರೆಂಟಿನ ಡಬ್ಬಿ ಬದಲಿಸಿದ. ಮೆಮೊರಿ ಪಟ್ಟಿ ಕಿತ್ತು ರಬ್ಬರಿನಿಂದ ಉಜ್ಜಿ ಹಾಕಿದ. ಈ ನಡುವೆ ಒಂದು ಸೋಮವಾರ, ಹಾವೇರಿಯವರು ಕಳಿಸಿದ ಸೀರೆ ಉಟ್ಟು ಗಿರಿಜಾ ಮೆಷಿನ್ನಿನ ಮುಂದೆ ಒಬ್ಬಳೇ ಕುಂತಾಗ ನಾಲ್ಕನೇ ಸಲ ಆರಿತು. ಸೀರೆ ಬಿಚ್ಚಿಟ್ಟಳು.

ಮೂರನೇ ಭಾನುವಾರ ಅವನು ಗೋಡೆ ಓದುತ್ತ ಕೇಳಿದ: "ಯವ್ವಾ, ಮಂದಿ ಬಂದಾಗ ನೀವು ಏನ್ ಮಾಡ್ತೀರಿ?"

"ಏನ್ ಮಾಡ್ಲಿ? ತೊಟ್ಟು ಮುರಿಯಾಕ ಹರವಿದ ಮೆಣಸಿನಕಾಯಿ ಬಳದು, ಚೀಲ ಒಳಗ ದೂಡ್ತೇನಿ. ಬಂದವರು ಕಾಲಿಡಬೇಕಲ್ಲ."

"ಎಲ್ಲಿ ದೂಡ್ತೀರಿ? ದೂಡ್ರಿ ನೋಡೂಣು."

ಮೆಷಿನ್ನಿನ ಬೆನ್ನಿಗೆ ದೂಡಿದೆ. ಚಾಲು ಮಾಡಿ ಕಾದ. ಎಲೆ ಅಡಿಕೆ ಹಾಕಿ ಉಗುಳುವುದರೊಳಗೆ ಆರಿತು. ಬಿಚ್ಚಿದರೆ ಫ್ಯಾನಿನ ತುಂಬ ಕೆಂಪು ಧೂಳು. ಅವನು ಬ್ರಷ್ ಹಾಕಿದ, ಮೂವರೂ ಕಣ್ಣಲ್ಲಿ ನೀರು ಬರುವಂಗೆ ಸೀನಿದೆವು.

"ಗಾಳಿ ಇಲ್ದ ಕಾದು ಆರತೈತ್ರಿ. ನಿಮ್ಮ ಮಗ ಅಲ್ಲ, ನಿಮ್ಮ ಚೀಲ."

ಆದರೆ ಆ ಸೋಮವಾರ ಚೀಲ ಅಲ್ಲಿರಲಿಲ್ಲ. ಅವನನ್ನು ಹಿತ್ತಲಿಗೆ ಎಳೆದುಕೊಂಡು ಹೋದೆ. "ಅದೂ ಚೀಲದ್ದ ಅಂತ ಹೇಳು."

"ಸಿಕ್ಕದ್ದಷ್ಟ ಹೇಳ್ತೇನ್ರಿ. ಸಿಗದ್ದಕ್ಕ ಹೆಸರಿಡಂಗಿಲ್ಲ."

"ಆಕಿ ಬಾಳು ಕೆಡತೈತೋ, ಮೂಳ!"

ಕೇಳಲಿಲ್ಲ. ಒಳಗೆ ಹೋಗಿ ಅವಳ ಮುಂದೆ ನಿಂತ. "ತಂಗಿ, ಮೂರು ಸಲದ್ದು ಅತ್ತಿಯವರ ಚೀಲ. ಒಂದು ನನಗ ಸಿಗಲಿಲ್ಲ. ಯಾರೂ ಸಾಯದ ಮನ್ಯಾಗೂ ಇಂಥವು ಉಳದಿದ್ದು ನೋಡೇನಿ."

ಗಿರಿಜಾ ಗೋಡೆಯ ಮೇಲೆ ಅವನು ಬರೆದದ್ದನ್ನು ಒಂದೊಂದಾಗಿ ಓದಿದಳು. ಆಮೇಲೆ "ಹಾವೇರಿಗೆ ಫೋನ್ ಹಚ್ಚರಿ, ಅತ್ತಿ" ಅಂದಳು. ನಾಲ್ಕೂ ಚೀಲದ್ದೇ ಅಂತ ಅವನು ಅಂದಿದ್ದರೆ ನಂಬುತ್ತಿರಲಿಲ್ಲವಂತೆ.

ಉಡಿಕಿ ಆಗಿ ಅವಳು ಹೋದ ಮೇಲೆ ಗೌಸಸಾಬ ಕರೆಯದೇ ಒಂದು ಸಲ ಬಂದ. ಮೆಷಿನ್ನು ಚಾಲು ಮಾಡಿ ಮಧ್ಯಾಹ್ನವೆಲ್ಲ ಅದರ ಮುಂದೆ ಕುಂತ.

"ಏನ್ ಕಾಯಾಕತ್ತೀ?"

"ಆ ಒಂದನ್ನ ಯವ್ವಾ. ತಲ್ಯಾಗಿಂದ ಹೋಗವಲ್ದು."

"ನಾನೂ ಅದನ್ನ ಕಾಯಾಕತ್ತೇನಿ" ಅಂದೆ.

ನನ್ನ ಮುಖ ನೋಡಿದ. "ಹಂಗಾರ ಆ ಧೂಳಾ ನಾ ತಗೀಬಾರದಿತ್ತೇನ್ರಿ?"

"ತಗೀಬೇಕಿತ್ತು. ಆಕಿ ಹೋಗಬೇಕಿತ್ತಲ್ಲ" ಅಂದೆ. ಎದ್ದು ಹೋದ. ಮುಂದಿನ ವರ್ಷ ಅವನೂ ಸತ್ತನೆಂದು ಸುದ್ದಿ ಬಂತು.

ಈಗಲೂ ದಿನಾ ಚಾಲು ಮಾಡುತ್ತೇನೆ. ದೂರ ಕುಂತು ತೊಟ್ಟು ಮುರಿಯುತ್ತೇನೆ. ಒಂದು ಸಲವೂ ಆರಿಲ್ಲ.