ದೀವಳಿಗಿಗೆ ಕರೆದ ಅಳಿಯ

ಬಸವನ ಬಾಗೇವಾಡಿ ಕೋರ್ಟು ನನ್ನ ತಂಗಿಗೆ ಕೊಟ್ಟ ಆರ್ಡರಿನ ಅರ್ಥ ಒಂದೇ ಇತ್ತು: ಆಕಿ ಇರೋ ಮನಿಗೆ ಆಕಿ ಗಂಡ ಕಾಲಿಡಬಾರದು, ಇಟ್ರ ಜೇಲು. ಸಿಂದಗಿ ಕಡೆ ಅವನ ಮನ್ಯಾಗ ಬಡಿತ ತಿಂದು ತಿಂದು, ಒಂದು ಕಿವಿ ಕೇಳಸದಂಗಾಗಿ, ಗೊಳಸಂಗಿಗೆ ನಮ್ಮವ್ವನ ಮನಿಗೆ ಬಂದು ಬಿದ್ದಾಕಿ. ಆರ್ಡರ್ ಆದ ಮ್ಯಾಲೆ ಹಗಲೊತ್ತು ಬಾಗಿಲಾ ತೆರೆದಿಟ್ಟು ಅಡಗಿ ಮಾಡೂವಷ್ಟು ಧೈರ್ಯ ಬಂದಿತ್ತು. ನಾ ಮುದ್ದೇಬಿಹಾಳದಾಗ ಹೊಲಿಗಿ ಅಂಗಡಿ ಇಟ್ಕೊಂಡೇನಿ. ಫೋನಿನ್ಯಾಗ ಆಕಿ ನಗೂದು ಕೇಳಿ, ಅಬ್ಬಾ, ಅಂತೂ ಬದುಕಿದ್ಳು ಅಂದ್ಕೊಂಡೆ.

ದೀವಳಿಗಿ ಬಂತು. ನಮ್ಮ ಕಡೆ ಹಬ್ಬಕ್ಕ ಅಳಿಯನ್ನ ಕರೀದಿದ್ರ ಓಣ್ಯಾಗಿನ ಮಂದಿ ಬಿಡತಾರೇನು? ಆ ಮಂದಿಗೆ ಅಂಜಿ ನಮ್ಮವ್ವ ಅವಂಗ ಫೋನ್ ಮಾಡಿ ಕರದೇ ಬಿಟ್ಳು. ತಂಗಿಗೆ ಹೇಳಲಿಲ್ಲ, ನನಗಂತೂ ಹೇಳಲೇ ಇಲ್ಲ. ಆಮ್ಯಾಲೆ ಕೇಳಿದ್ರ, "ಗಂಡ ಹೆಂಡಿರ ಜಗಳ ಉಂಡು ಮಲಗೋತನಕ ಅಂತಾರಲ್ಲವಾ. ಕೋರ್ಟು ಕೋರ್ಟಿನ್ಯಾಗ, ಹಬ್ಬ ಮನ್ಯಾಗ" ಅಂದ್ಳು. "ನಿನ್ನ ಗಾದಿಮಾತಿಗೆ ಬೆಂಕಿ ಹಚ್ಚ" ಅಂದೆ ನಾ.

ಪಾಡ್ಯದ ದಿನ ಅವ ಬಂದ. ನಾ ಅಲ್ಲಿ ಇರಲಿಲ್ಲ, ತಂಗಿ ಹೇಳಿದ್ದನ್ನ ಹೇಳ್ತೇನಿ. ಹೊಸ ಅಂಗಿ, ತಲಿಗೆ ಎಣ್ಣಿ, ಮದಿಮಗನ ಹಂಗ ಬಂದಿದ್ದನಂತ. ತಂಗಿ ಅವನ್ನ ನೋಡಿದಾಕೀನ ಒಳಗ ಹೊಕ್ಕೊಂಡ್ಳು. ಅವ್ವ ಕೈಕಾಲಿಗೆ ನೀರು ಕೊಟ್ಟು, ಮಣಿ ಮ್ಯಾಲೆ ಕೂಡಿಸಿ, ಆರತಿ ಬೆಳಗಿ, ಹೋಳಿಗಿ ಬಡಿಸಿದ್ಳು. ಉಂಡ. ಕೈ ತೊಳಕೊಂಡ. ಒಳಗ ಹೋಗಿ "ನಡಿ ಊರಿಗೆ" ಅಂದ. ತಂಗಿ ಒಲ್ಲೆ ಅಂದ್ಳು. ಕೂದಲಾ ಹಿಡದು ತಲಿ ಗ್ವಾಡಿಗೆ ಬಡದ. ಬಾಜೂ ಮನ್ಯಾವ್ರು ಓಡಿ ಬಂದು ಬಿಡಿಸಿ ಪೊಲೀಸರನ್ನ ಕರಿಸಿದ್ರು.

ಆರ್ಡರ್ ಮುರದಾನ ಅಂತ ಅವನ ಮ್ಯಾಲೆ ಕೇಸಾತು. ತಾರೀಖಿನ ಮ್ಯಾಲೆ ತಾರೀಖು. ಅವನ ವಕೀಲಂದು ಒಂದೇ ಹಟ: ಕರದವರು ಇವರು, ಉಣಸಿದವರು ಇವರು, ನಮ್ಮ ಕಕ್ಷಿದಾರಂದೇನು ತಪ್ಪು? ಈ ಮಾತು ಕೋರ್ಟಿನ್ಯಾಗ ನಿಂತಿತ್ತಂದ್ರ ತಂಗಿ ಕೈಯಾಗಿನ ಆರ್ಡರ್ ಬರೇ ಕಾಗದ ಆಗತಿತ್ತು. ಅವ ನಾಳೆನೂ ಬರತಿದ್ದ, ನಾಡದೂ ಬರತಿದ್ದ. ಅದಕ್ಕ ನಾ ಅವ್ವಗ "ಕರದಿಲ್ಲ ಅಂತ ಹೇಳಿ ಬಿಡು" ಅಂತ ಗಂಟು ಬಿದ್ದೆ. "ದೇವರ ಮ್ಯಾಲೆ ಆಣಿ ಮಾಡಿ ಸುಳ್ಳು ಹೇಳಲೇನು?" ಅಂದ್ಳು. ಇಂಥಾ ಹೊತ್ತಿನ್ಯಾಗ ಆಕಿಗೆ ದೇವರು ನೆನಪಾಗಿದ್ದ, ನೋಡ್ರಿ.

ಕಟಕಟ್ಯಾಗ ನಿಂತಾಗ ವಕೀಲ ಕೇಳೇ ಕೇಳಿದ. "ನೀವ ಅಲ್ಲೇನು ಇವರನ್ನ ಕರದವರು?"

"ಹೌದ್ರಿ, ಕರದೇನಿ" ಅಂದ್ಳು ಅವ್ವ. ಸೆರಗು ತಲಿ ಮ್ಯಾಲೆ ಸರಿಮಾಡ್ಕೊಂಡ್ಳು. "ಉಣ್ಣಾಕ ಕರದೇನ್ರಿ. ಬಡ್ಯಾಕ ಕರದಿಲ್ರಿ."

ಮುಗೀತು ಅಂತ ನಾ ತಲಿ ಹಿಡ್ಕೊಂಡು ಕುಂತೆ. ತಂಗಿ ಮಾತ್ರ ಅವ್ವನ ಮಾರೀನ ನೋಡಾಕತ್ತಿದ್ಳು, ಕೇಳಸೋ ಕಿವಿ ಆ ಕಡೆ ತಿರುಗಿಸಿ.

ತೀರ್ಪಿನ ದಿನ ಜಡ್ಜ್ ಸಾಹೇಬ್ರು ಅವನ್ನ ನೋಡಿ, "ಆದೇಶ ಇದ್ದದ್ದು ನಿಮ್ಮ ಮೇಲೆ, ನಿಮ್ಮ ಅತ್ತೆಯ ಮೇಲಲ್ಲ. ಅವರು ಕರೆದರೂ ನೀವು ಹೋಗಬಾರದಿತ್ತು" ಅಂದ್ರು. ಜೇಲೂ ಆತು, ದಂಡಾನೂ ಆತು. ಮ್ಯಾಲಿನ ಕೋರ್ಟಿಗೆ ಹೋಗ್ತೇವಿ ಅಂತ ಅವನ ವಕೀಲ ಎದ್ದು ನಿಂತ. ಹೋಗಲಿ ಬಿಡ್ರಿ. ನನಗ ಖುಷಿ ಆತು, ಸುಳ್ಳ್ಯಾಕ ಹೇಳಲಿ.

ಹೊರಗ ಬಂದ ಮ್ಯಾಲೆ ಅವ್ವ ತಂಗಿ ಕೈ ಹಿಡದ್ಳು. "ಗೆದ್ದಿ ನೋಡವಾ. ಇನ್ನ ಯಾರ ಅಂಜಿಕಿ ಐತಿ ನಿನಗ? ನಡಿ ಮನಿಗೆ."

ತಂಗಿ ಮೆತ್ತಗ ಕೈ ಬಿಡಿಸಿಕೊಂಡ್ಳು.

"ಆ ಆರ್ಡರ್ ಅವನ ಮ್ಯಾಲೆ ಐತಿ, ಅವ್ವಾ. ನಿನ್ನ ಮ್ಯಾಲೆ ಯಾವ ಕೋರ್ಟಿಗೆ ಹೋಗಿ ತರಲಿ?" ಅಂದ್ಳು. ಅಂದಾಕೀನ ನನ್ನ ಜೋಡಿ ಮುದ್ದೇಬಿಹಾಳದ ಬಸ್ ಹತ್ತಿದ್ಳು.