ಅಬ್ಬನ ಪೆಡಲ್

ಗಣಿಯ ಕಾಲದಲ್ಲಿ ಬಳ್ಳಾರಿಯಲ್ಲಿ ಹೊಲಿಗೆ ಬಿಟ್ಟು ಅದಿರಿನ ಹಿಂದೆ ಹೋದವರಲ್ಲಿ ನಾನೂ ಒಬ್ಬ. ಅಬ್ಬ ಜೀನ್ಸ್ ಹೊಲಿಯುವ ಉಸ್ತಾದ್. ಕುರುಗೋಡಿನ ಸಂತೆಯಲ್ಲಿ ಬೇವಿನ ಮರದ ಕೆಳಗೆ ಮಿಷನ್ ಇಟ್ಟು ಕಲಿತ ಕಸುಬು ಅವರದು. ನಾನು ಮಾತ್ರ ಲಾರಿ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತೆ. ದಿನವಿಡೀ ಅದೇ ಮಾಲೀಕರ ಹೆಸರು, ಅದೇ ಬಂದರಿನ ವಿಳಾಸ. ಬೇಸತ್ತು, ಒಂದು ಕೀಲಿ ಒತ್ತಿದರೆ ಇಡೀ ವಿಳಾಸ ತಾನೇ ಮೂಡುವ ಹಾಗೆ ಮಾಡಿಕೊಂಡೆ. ಅದಕ್ಕೆ ಮ್ಯಾಕ್ರೋ ಎನ್ನುತ್ತಾರೆಂದು ಆಮೇಲೆ ಗೊತ್ತಾಯಿತು.

ಆ ವರ್ಷವೇ ಅಬ್ಬನಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಸ್ವಾಧೀನ ತಪ್ಪಿದವು. ಊಟ ಅಮ್ಮನ ಕೈಯಲ್ಲಿ, ಸ್ನಾನ ನನ್ನ ಕೈಯಲ್ಲಿ.

"ನನ್ನಿಂದ ಆಗೋದು ಒಂದರ ಉಳದೈತೇನಲೇ?" ಎಂದು ಒಂದು ದಿನ ಕೇಳಿದರು. ನಾನು ಬಕೆಟ್ ಎತ್ತಿಕೊಂಡು ಹೊರಗೆ ಹೋದೆ.

ಆಫೀಸಿನವರು ಬೇಡವೆಂದ ಹಳೆಯ ಕಂಪ್ಯೂಟರನ್ನು ಮನೆಗೆ ತಂದು ಇಂಟರ್ನೆಟ್ ಹಾಕಿಸಿದೆ. ಸಿರುಗುಪ್ಪದಲ್ಲಿ ಇಂಟರ್ನೆಟ್ ಸೆಂಟರ್ ಇಟ್ಟಿದ್ದ ನಮ್ಮ ಭಾವ, ಅಂದರೆ ಅಕ್ಕನ ಗಂಡ, ಅಲ್ಲಿಂದಲೇ ಅಬ್ಬನ ಜೊತೆ ಕಾರಿನ ರೇಸ್ ಆಡಲು ಒಪ್ಪಿದ. ಕಾರು ತಿರುಗಿಸುವ ಎರಡು ಕೀಲಿಗಳನ್ನು ಅಬ್ಬನ ಎಡಗೈಗೆ ಕೊಟ್ಟೆ. ಓಡಿಸುವುದಕ್ಕೆ ಕಾಲು ಬೇಕಿತ್ತು. ಮೂಲೆಯಲ್ಲಿದ್ದ ಹಳೆಯ ಹೊಲಿಗೆ ಮಿಷನ್ನಿನ ಪೆಡಲ್ ಕೆಳಗೆ ಕಾಲಿಂಗ್ ಬೆಲ್ಲಿನ ಗುಂಡಿ ಕೂರಿಸಿ, ಅದರ ವೈರನ್ನು ಕೀಬೋರ್ಡಿನ ಒಳಗೆ ಬೆಸೆದೆ. ಅಬ್ಬ ಎಡಗಾಲಿನಿಂದ ತುಳಿದರು, ಕಾರು ಮುಂದೆ ಹೋಯಿತು. ಅವರು ನಕ್ಕರು. ಲಕ್ವ ಹೊಡೆದ ಮೇಲೆ ಅದೇ ಮೊದಲು.

ಆದರೆ ದಿನಾ ಸೋಲು. ತಿರುವು ಬಂದಲ್ಲೆಲ್ಲ ಗೋಡೆಗೆ ಗುದ್ದುತ್ತಿದ್ದರು. ಅವರು ಸೋಲುವುದನ್ನು ನನಗೆ ನೋಡಲಾಗಲಿಲ್ಲ. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ. ನನ್ನ ಬುದ್ಧಿವಂತಿಕೆಯೂ ಅಂಥದ್ದೇ. ನಾನೊಮ್ಮೆ ಚೆನ್ನಾಗಿ ಓಡಿಸಿ, ಯಾವ ಕೀಲಿ ಯಾವಾಗ ಒತ್ತಿದೆ ಎಂಬುದನ್ನೆಲ್ಲ ಮ್ಯಾಕ್ರೋದಲ್ಲಿ ತುಂಬಿದೆ. ಅಬ್ಬ ಪೆಡಲ್ ಒಮ್ಮೆ ತುಳಿದರೆ ಸಾಕು, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತಿತ್ತು. ಅಬ್ಬನಿಗೆ ಇದನ್ನು ಹೇಳಲಿಲ್ಲ.

ಅಬ್ಬ ಗೆಲ್ಲತೊಡಗಿದರು. ಭಾವ ಫೋನ್ ಮಾಡಿ, "ಮಾಮಾ, ನಿಮ್ಮ ಕಾಲಾಗ ಜಿನ್ನ್ ಹೊಕ್ಕೈತೇನ್ರಿ?" ಎಂದು ತಮಾಷೆ ಮಾಡಿದ. ಅಬ್ಬ ಎರಡು ರೊಟ್ಟಿ ಹೆಚ್ಚಿಗೆ ತಿಂದರು. ನಾನು ಒಳ್ಳೆಯ ಮಗ ಎಂದು ಬೀಗಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಹತ್ತು ದಿನವಾಗಿರಬೇಕು. ಶುಕ್ರವಾರ ನಾನು ನಮಾಜು ಮುಗಿಸಿ ಬಂದಾಗ ಅಬ್ಬ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ರೇಸ್ ಶುರುವಾಯಿತು. ಪೆಡಲ್ ಒಮ್ಮೆ ತುಳಿದರು, ಕಾಲು ತೆಗೆದು ನೆಲದ ಮೇಲಿಟ್ಟರು, ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡರು. ಕಾರು ತಾನೇ ಓಡಿತು, ತಾನೇ ತಿರುಗಿತು, ಮೊದಲು ಬಂತು.

"ಕಾಲು ಎತ್ತಿದ್ರ ಸೂಜಿ ನಿಲ್ಲಬೇಕು," ಎಂದರು. "ನಲವತ್ತು ವರ್ಷ ನಿಂತೈತಿ. ಇದು ನಿಲ್ಲವಲ್ದು."

"ತಪ್ಪಾತು ಅಬ್ಬಾ."

"ಮೊದ್ಲು ಸೋತಿದ್ನೆಲ್ಲ, ಆ ಸೋಲೂ ನಿನ್ನವೇನು?"

"ಇಲ್ಲ ಅಬ್ಬಾ. ಅವು ನಿಮ್ಮವ."

"ನನ್ನವು ನನಗ ವಾಪಸ್ ಕೊಡು."

ಅವರ ಎದುರಿಗೇ ಮ್ಯಾಕ್ರೋ ಅಳಿಸಿದೆ. ಅಬ್ಬ ಮತ್ತೆ ಪೆಡಲ್ ಮೇಲೆ ಕಾಲಿಟ್ಟರು. ಮೊದಲ ತಿರುವಿನಲ್ಲೇ ಗೋಡೆಗೆ ಗುದ್ದಿದರು. ಹಿಂದೆ ಸರಿದು, ಮತ್ತೆ ತುಳಿದು, ಭಾವನ ಕಾರು ಮುಟ್ಟಿ ಎಷ್ಟೋ ಹೊತ್ತಾದ ಮೇಲೆ ಗೆರೆ ದಾಟಿದರು. ಬೆವರಿದ್ದರು. ನಾನು ಒರೆಸಲು ಹೋದರೆ ಬೇಡವೆಂದು ತಾವೇ ಎಡಗೈಯಿಂದ ಒರೆಸಿಕೊಂಡರು.

ಸಿರುಗುಪ್ಪದಿಂದ ಫೋನ್ ಬಂತು. ಅವರ ಕಿವಿಗೆ ಹಿಡಿದೆ.

"ಏನಾತ್ರಿ ಮಾಮಾ ಇವತ್ತು?"

"ಇವತ್ತು ನಾನ ಆಡೀನಿ, ಬೇಟಾ," ಎಂದರು ಅಬ್ಬ.